ಪಾಲಿಸಿಯಲ್ಲಿ ಇಲ್ಲದ ಶೆಡ್ಡು

ಪೀಣ್ಯದಲ್ಲಿ ನನ್ನದೊಂದು ಸಣ್ಣ ಕಾರ್ಖಾನೆ ಇದೆ. ರಟ್ಟಿನ ಬಾಕ್ಸ್ ಮಾಡುತ್ತೇವೆ. ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಒಂದು ದಿನ ಬೆಳಗಿನ ಜಾವ ನಮ್ಮ ಸೂಪರ್‌ವೈಸರ್ ಫೋನ್ ಮಾಡಿದ. "ಅಣ್ಣಾ, ಹಿಂದಿನ ಬೀದಿ ಶೆಡ್ಡಿಗೆ ನೀರು ನುಗ್ಗಿದೆ. ರೀಲುಗಳೆಲ್ಲ ನೀರಲ್ಲಿ ನಿಂತಿವೆ."

ರಟ್ಟು ಮಾಡುವ ಕಂದು ಕಾಗದದ, ಅಂದರೆ ಕ್ರಾಫ್ಟ್ ಪೇಪರ್‌ನ ರೀಲನ್ನು ನಾವು ನೇರ ನಿಲ್ಲಿಸಿ ಇಡುತ್ತೇವೆ. ಬಂದಿದ್ದು ನಾಲ್ಕೇ ಇಂಚು ನೀರು. ಆದರೆ ಬತ್ತಿ ಎಣ್ಣೆ ಎಳೆದ ಹಾಗೆ ಪೇಪರ್ ನೀರನ್ನು ಮೇಲಕ್ಕೆ ಎಳೆಯುತ್ತದೆ. ನಾನು ಹೋಗುವಷ್ಟರಲ್ಲಿ ರೀಲುಗಳು ಒಂದು ಗೇಣು ಎತ್ತರಕ್ಕೆ ಕಪ್ಪಗಾಗಿದ್ದವು. ಅಂಚು ಉಬ್ಬಿದ ರೀಲು ಮಷಿನ್ ಮೇಲೆ ಓಡಲ್ಲ, ಹರಿದು ಹೋಗುತ್ತದೆ. 22 ರೀಲು, ಸುಮಾರು 10 ಟನ್. ಗುಜರಿಗೆ ಹಾಕಿ ಬಂದದ್ದನ್ನು ಕಳೆದರೂ ಎರಡೂವರೆ ಲಕ್ಷ ನಷ್ಟ.

ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಮೂರನೇ ದಿನ ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದರು. ಫೋಟೋ ತೆಗೆದರು, ರೀಲು ಎಣಿಸಿದರು. ಆಮೇಲೆ ಪಾಲಿಸಿ ಕಾಗದ ಬಿಚ್ಚಿ, "ಸಾರ್, ಈ ಶೆಡ್ಡಿನ ವಿಳಾಸ ಇದರಲ್ಲಿ ಇಲ್ಲವಲ್ಲ" ಅಂದರು. ನಿಜ, ಇರಲಿಲ್ಲ. ಒಂದೂವರೆ ವರ್ಷದ ಹಿಂದೆ ಬಾಡಿಗೆಗೆ ಹಿಡಿದ ಶೆಡ್ಡು ಅದು. ಪಾಲಿಸಿಯಲ್ಲಿ ಇದ್ದದ್ದು ಮುಖ್ಯ ಕಾರ್ಖಾನೆ ಮಾತ್ರ. ಕ್ಲೇಮ್ ಬರಲಿಲ್ಲ. ಸರ್ವೇಯರ್ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಾಗದದಲ್ಲಿ ಇದ್ದದ್ದನ್ನೇ ಹೇಳಿದರು.

ಆ ರಾತ್ರಿ ಕೂತು ಪಾಲಿಸಿಯನ್ನು ಮೊದಲ ಬಾರಿ ಪೂರ್ತಿ ಓದಿದೆ. ಅದನ್ನು ಮಾಡಿಸಿದ್ದು ಬ್ಯಾಂಕು. ಪ್ರತಿ ವರ್ಷ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲದ ಅಕೌಂಟಿನಿಂದ ಪ್ರೀಮಿಯಂ ತಾನಾಗಿ ಕಟ್ ಆಗುತ್ತಿತ್ತು. ಸ್ಟಾಕಿಗೆ ಹಾಕಿದ್ದ ಮೊತ್ತ 40 ಲಕ್ಷ. ಯಾಕೆ 40? ನನ್ನ ಸಿಸಿ ಲಿಮಿಟ್ 40 ಲಕ್ಷ, ಅದಕ್ಕೆ. ದೀಪಾವಳಿ ಆರ್ಡರ್‌ಗಳ ಹೊತ್ತಿಗೆ ನನ್ನ ಸ್ಟಾಕ್ 65 ಲಕ್ಷ ಮುಟ್ಟುತ್ತದೆ. ಮಷಿನ್‌ಗಳಿಗೂ ಹಾಗೇ, ಸಾಲ ಎಷ್ಟೋ ವಿಮೆ ಅಷ್ಟು. ಬ್ಯಾಂಕು ತನ್ನ ಸಾಲವನ್ನು ಕಾಪಾಡಿಕೊಂಡಿತ್ತು, ಅದು ಅದರ ಕೆಲಸ. ನನ್ನ ಕಾರ್ಖಾನೆಯನ್ನು ಕಾಪಾಡುವ ಕೆಲಸ ನನ್ನದು, ಅದನ್ನು ನಾನು ಮಾಡಿರಲಿಲ್ಲ.

ಮೊತ್ತ ಕಡಿಮೆ ಇದ್ದರೆ ಏನಾಗುತ್ತದೆ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ಒಂದು ಕೋಟಿಯ ಮಾಲಿಗೆ 60 ಲಕ್ಷಕ್ಕೆ ವಿಮೆ ಮಾಡಿಸಿದ್ದೀರಿ ಅಂದುಕೊಳ್ಳಿ. 10 ಲಕ್ಷ ನಷ್ಟವಾದರೆ 10 ಲಕ್ಷ ಸಿಗಲ್ಲ, 6 ಲಕ್ಷ ಸಿಗುತ್ತದೆ. ನೂರರಲ್ಲಿ ಉಳಿದ 40 ಪಾಲಿಗೆ ನೀವೇ ಹೊಣೆ ಅಂತ ಲೆಕ್ಕ. ನಷ್ಟ 60 ಲಕ್ಷದ ಒಳಗೇ ಇದೆಯಲ್ಲ ಅನ್ನುವ ವಾದ ನಡೆಯಲ್ಲ.

ಮುಂದಿನ ವರ್ಷದ ಪಾಲಿಸಿಗೆ ನಾನೇ ಓಡಾಡಿದೆ. ಮೊದಲು ನಮ್ಮೂರಿನ ಕಡೆಯ ಒಬ್ಬ ಏಜೆಂಟ್ ಬಂದರು. ಒಳ್ಳೆ ಮನುಷ್ಯ, ಫೋನ್ ಮಾಡಿದ ತಕ್ಷಣ ಬರುತ್ತಾರೆ. ಆದರೆ ಅವರ ಕೈಯಲ್ಲಿ ಇದ್ದದ್ದು ಒಂದೇ ಕಂಪನಿ, ಅದರ ರೇಟೇ ರೇಟು. ಆನ್‌ಲೈನ್‌ನಲ್ಲೂ ನೋಡಿದೆ. ಹತ್ತು ನಿಮಿಷದಲ್ಲಿ ರೇಟ್ ಬಂತು. ಅಂಗಡಿಗೋ ಸಣ್ಣ ಆಫೀಸಿಗೋ ಅದು ಸಾಕಾಗಬಹುದು. ನನ್ನಲ್ಲಿ ಬಾಯ್ಲರ್ ಇದೆ, ಪೇಪರ್ ಇದೆ, ಎರಡು ಜಾಗ ಇದೆ. ಆ ಫಾರಂ ಇದ್ಯಾವುದನ್ನೂ ಕೇಳಲಿಲ್ಲ.

ಕೊನೆಗೆ ಬ್ರೋಕರ್ ಹತ್ತಿರ ಹೋದೆ. ಏಜೆಂಟ್ ಕಂಪನಿಯ ಪರ, ಬ್ರೋಕರ್ ಗಿರಾಕಿಯ ಪರ. ಕಾನೂನಿನ ಪ್ರಕಾರವೇ ಹಾಗೆ. ಅವರಿಗೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಲೈಸೆನ್ಸ್ ಬೇಕು. ನಾನು ಐಆರ್‌ಡಿಎಐ ವೆಬ್‌ಸೈಟಿನ ಪಟ್ಟಿಯಲ್ಲಿ ಹೆಸರು ನೋಡಿಕೊಂಡೇ ಫೋನ್ ಮಾಡಿದೆ. ಇಬ್ಬರು ತಿರುಗಿ ಫೋನ್ ಮಾಡಲೇ ಇಲ್ಲ. ನನ್ನಂಥ ಸಣ್ಣ ಪ್ರೀಮಿಯಂ ಅವರಿಗೆ ಗಿಟ್ಟಲ್ಲ ಅಂತ ಕಾಣುತ್ತದೆ. ಮೂರನೆಯವರು ಒಬ್ಬ ಮೇಡಂ, ತಾವೇ ಬಂದರು.

ಅವರು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಕಾಫಿಯನ್ನೂ ಕುಡಿಯದೆ ಸೀದಾ ಪ್ಯಾನೆಲ್ ಬೋರ್ಡ್ ಹತ್ತಿರ ಹೋದರು. ಅದರ ಬುಡದಲ್ಲಿ ರಟ್ಟಿನ ಕತ್ತರಿಕೆ ಚೂರು ರಾಶಿ ಬಿದ್ದಿತ್ತು. "ಇದನ್ನು ಇವತ್ತೇ ತೆಗೆಸಿ ಸಾರ್, ಆಮೇಲೆ ಪಾಲಿಸಿ ಮಾತಾಡೋಣ" ಅಂದರು. ಆಮೇಲೆ ಪ್ರಶ್ನೆ ಶುರು. ವರ್ಷದಲ್ಲಿ ಸ್ಟಾಕ್ ಅತಿ ಜಾಸ್ತಿ ಇರುವುದು ಯಾವ ತಿಂಗಳು? ಪಕ್ಕದ ಶೆಡ್ಡಿನಲ್ಲಿ ಏನು ಕೆಲಸ? ಚರಂಡಿ ಯಾವ ಕಡೆ ಹರಿಯುತ್ತದೆ? ಗಿರಾಕಿಗಳ ಪ್ರಿಂಟಿಂಗ್ ಬ್ಲಾಕು, ಡೈಗಳು ನಿಮ್ಮ ಹತ್ತಿರ ಇವೆಯಾ? ಇದ್ದವು, ಲಕ್ಷಗಟ್ಟಲೆ ಬೆಲೆಯವು. ಅವು ನನ್ನ ಸ್ವಂತದ್ದಲ್ಲ ಅಂತ ಪಾಲಿಸಿಯಲ್ಲಿ ಬರೆಸಬೇಕು ಅನ್ನೋದು ನನಗೆ ಹೊಳೆದೇ ಇರಲಿಲ್ಲ.

ಎಲ್ಲವನ್ನೂ ಎರಡು ಪುಟದಲ್ಲಿ ಬರೆದು ನಾಲ್ಕು ಕಂಪನಿಗಳಿಗೆ ಕಳಿಸಿದರು. ಪೇಪರ್ ಅಂದ ಕೂಡಲೇ ಒಂದು ಕಂಪನಿ ಬೇಡ ಅಂತು. ಉಳಿದ ಮೂರರಲ್ಲಿ ತೀರಾ ಅಗ್ಗದ ಕೋಟ್ ಒಂದಿತ್ತು, ನನ್ನ ಕಣ್ಣು ಅದರ ಮೇಲೇ. ಮೇಡಂ ಅದರ ಷರತ್ತುಗಳನ್ನು ಒಂದೊಂದಾಗಿ ಓದಿಸಿದರು. ನಷ್ಟವಾದಾಗ ನಾನೇ ಹೊರಬೇಕಾದ ಮೊದಲ ಪಾಲು ಅದರಲ್ಲಿ ಬೇರೆಯವಕ್ಕಿಂತ ತುಂಬಾ ದೊಡ್ಡದಿತ್ತು. ನಡುವಿನದನ್ನು ಆರಿಸಿದೆ.

ಕೊನೆಗೆ ತೆಗೆದುಕೊಂಡದ್ದು ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಒಂದು ಜಾಗದಲ್ಲಿ ಒಟ್ಟು ಆಸ್ತಿ 5 ಕೋಟಿವರೆಗೆ ಇರುವವರಿಗೆ 2021ರ ಏಪ್ರಿಲ್ 1ರಿಂದ ಬಂದ ಪಾಲಿಸಿ ಇದು. ಬೆಂಕಿ, ಪ್ರವಾಹ, ಭೂಕಂಪ ಎಲ್ಲ ಒಳಗೇ ಬರುತ್ತವೆ. ವಿಮಾ ಮೊತ್ತ 15 ಪರ್ಸೆಂಟ್‌ವರೆಗೆ ಕಡಿಮೆ ಬಿದ್ದರೂ ಕ್ಲೇಮ್ ಕತ್ತರಿಸಲ್ಲ. ನಮ್ಮಂಥವರಿಗೆ ಇದು ದೊಡ್ಡ ಆಸರೆ. ಕಳ್ಳತನಕ್ಕೆ ಮಾತ್ರ ಬೇರೆ ಪಾಲಿಸಿ ಬೇಕು. ಬೆಂಕಿಯೋ ನೆರೆಯೋ ಬಂದ ಏಳು ದಿನದೊಳಗೆ ಆ ಕಾರಣಕ್ಕೇ ಆದ ಕಳವು ಅಷ್ಟೇ ಇದರಲ್ಲಿ ಸೇರುತ್ತದೆ. ಎರಡೂ ವಿಳಾಸ ಹಾಕಿಸಿ, ಸ್ಟಾಕಿಗೆ 65 ಲಕ್ಷ ಬರೆಸಿದೆವು. ಪ್ರೀಮಿಯಂ ಮೊದಲಿನ ಎರಡರಷ್ಟಾಯಿತು. ಕೊಡುವಾಗ ಕೈ ತಡೆಯಿತು, ಸುಳ್ಳು ಹೇಳಲ್ಲ.

ಬ್ರೋಕರ್‌ಗೆ ನಾನು ಬೇರೆ ದುಡ್ಡು ಕೊಡಲಿಲ್ಲ. ಅವರ ಕಮಿಷನ್ ವಿಮಾ ಕಂಪನಿಯಿಂದ ಬರುತ್ತದೆ. ಕಮಿಷನ್ ಜಾಸ್ತಿ ಕೊಡುವ ಕಂಪನಿಯ ಕಡೆ ವಾಲಬಾರದಲ್ಲ, ಹಾಗಾಗಿ ಬಂದ ಎಲ್ಲ ಕೋಟ್‌ಗಳನ್ನೂ ಮೇಲ್‌ನಲ್ಲಿ ತರಿಸಿಕೊಂಡೆ. ನೀವೂ ಕೇಳಿ, ಒಳ್ಳೆ ಬ್ರೋಕರ್ ಬೇಜಾರು ಮಾಡಿಕೊಳ್ಳಲ್ಲ. ಬ್ಯಾಂಕಿನಲ್ಲಿ ಮೊದಲು "ನಮ್ಮಲ್ಲೇ ಮಾಡಿಸಿ" ಅಂದರು. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಸೇರಿಸಿ, ಒಂದು ಪತ್ರದ ಜೊತೆ ಕಾಪಿ ಕೊಟ್ಟೆ. ಒಪ್ಪಿಕೊಂಡರು. ಹಳೆ ಪಾಲಿಸಿ ಮುಗಿಯುವ ಮುಂಚೆಯೇ ದುಡ್ಡು ಕಟ್ಟಿದ್ದೆ. ಪ್ರೀಮಿಯಂ ಕಂಪನಿ ಕೈ ಸೇರುವವರೆಗೆ ಹೊಣೆ ಶುರುವಾಗಲ್ಲ, ನಡುವೆ ಒಂದು ದಿನ ಖಾಲಿ ಬಿದ್ದರೂ ಆ ದಿನದ ನಷ್ಟ ನಮ್ಮದೇ.

ಹೋದ ವರ್ಷ ಆರ್ಡರ್ ಜಾಸ್ತಿಯಾಗಿ ಮೂರನೇ ಶೆಡ್ಡು ಹಿಡಿದೆವು. ಮಧ್ಯಾಹ್ನವೇ ರೀಲಿನ ಲಾರಿ ಬಂದು ನಿಂತಿತ್ತು, ಡ್ರೈವರ್ ಅವಸರ ಮಾಡುತ್ತಿದ್ದ. ಸೂಪರ್‌ವೈಸರ್ ನನ್ನ ಮುಖ ನೋಡಿದ. ಹೊಸ ವಿಳಾಸ ಸೇರಿಸಿದ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯ ತಿದ್ದುಪಡಿ ಪತ್ರ, ಸಂಜೆ ಐದಕ್ಕೆ ಮೇಲ್‌ಗೆ ಬಂತು. ಆಮೇಲೆ ಮೊದಲ ರೀಲನ್ನು ಇಳಿಸಿದೆವು, ನೆಲದಿಂದ ಆರು ಇಂಚು ಮೇಲೆ, ಮರದ ಪ್ಯಾಲೆಟ್ ಮೇಲೆ.