ದತ್ತು ತಂದ ಬೆಕ್ಕಿನ ಊಟ ಮತ್ತು ಉಚ್ಚೆ: ಮೊದಲ ತಿಂಗಳು ನೋಡಿಕೊಳ್ಳುವುದು ಹೇಗೆ?

ಹೊಸ ಬೆಕ್ಕು ಮನೆಗೆ ಬಂದರೆ ಅದು ಏನು ತಿಂತು ಅಂತ ಎಲ್ಲರೂ ನೋಡುತ್ತಾರೆ. ಎಷ್ಟು ಉಚ್ಚೆ ಹೊಯ್ಯಿತು ಅಂತ ನೋಡುವವರು ಕಡಿಮೆ. ನೋಡಲೇಬೇಕು. ಸಾಕುಬೆಕ್ಕಿನ ಪೂರ್ವಜರು ಒಣನಾಡಿನ ಕಾಡುಬೆಕ್ಕುಗಳು. ಬೇಟೆಯ ಮಾಂಸದಲ್ಲಿದ್ದ ನೀರಿನಲ್ಲೇ ಹೆಚ್ಚಾಗಿ ಬದುಕಿದವು. ಹಾಗಾಗಿ ಬೆಕ್ಕಿಗೆ ಬಾಯಾರಿಕೆ ಕಡಿಮೆ, ಉಚ್ಚೆ ಮಂದ. ಇದಕ್ಕೆ ಬರೀ ಡ್ರೈ ಫುಡ್ (ಅಂಗಡಿಯಲ್ಲಿ ಸಿಗುವ ಒಣ ಕಾಳಿನಂಥ ಬೆಕ್ಕಿನ ಆಹಾರ) ಮತ್ತು ಹೊಸ ಜಾಗದ ಭಯ ಸೇರಿದರೆ ಮೂತ್ರಕೋಶದಲ್ಲಿ ಉರಿಯೂತ, ಹರಳು ಶುರುವಾಗುವುದಕ್ಕೆ ದಾರಿಯಾಗುತ್ತದೆ. ಸಂತಾನಹರಣ ಆಗಿರುವ, ಮನೆಯೊಳಗೇ ಇರುವ, ತೂಕ ಹೆಚ್ಚಿರುವ ಗಂಡು ಬೆಕ್ಕಾದರೆ ಇನ್ನೂ ಹೆಚ್ಚು ಎಚ್ಚರ ಬೇಕು.

ಮೊದಲ ವಾರ ಊಟ ಬದಲಿಸಬೇಡಿ

ಮೊದಲು ಸಾಕಿದವರು ಏನು ಹಾಕುತ್ತಿದ್ದರು ಎಂದು ಕೇಳಿ, ಅದನ್ನೇ ತಂದು ಹಾಕಿ. ಬೆಕ್ಕನ್ನು ಒಂದೇ ಕೋಣೆಯಲ್ಲಿಡಿ: ಅಡಗಿಕೊಳ್ಳಲು ಒಂದು ರಟ್ಟಿನ ಡಬ್ಬ, ಒಂದು ಮೂಲೆಯಲ್ಲಿ ಊಟ, ಅದಕ್ಕೆ ದೂರದ ಮೂಲೆಯಲ್ಲಿ ಲಿಟರ್ ಟ್ರೇ, ಅಂದರೆ ಬೆಕ್ಕಿನ ಉಚ್ಚೆ-ಕಕ್ಕಸಿಗೆ ಲಿಟರ್ ಎಂಬ ಪುಡಿ ಹರಡಿದ ತಟ್ಟೆ. ಬೆಕ್ಕು ಹೊಂದಿಕೊಂಡ ಮೇಲೆ 7ರಿಂದ 10 ದಿನಗಳಲ್ಲಿ ಹೊಸ ಆಹಾರಕ್ಕೆ ತನ್ನಿ. ಮೊದಲ ಎರಡು-ಮೂರು ದಿನ ಕಾಲು ಭಾಗ ಹೊಸದು, ಮುಂದಿನ ಎರಡು-ಮೂರು ದಿನ ಅರ್ಧ, ಆಮೇಲೆ ಮುಕ್ಕಾಲು. ಭೇದಿಯಾದರೆ ಹಿಂದಿನ ಹಂತಕ್ಕೆ ಮರಳಿ.

‘ಹಸಿವಾದರೆ ತಾನೇ ತಿನ್ನುತ್ತದೆ’ ಎಂದು ಉಪವಾಸ ಕೆಡವುವುದು ಬೆಕ್ಕಿನ ವಿಷಯದಲ್ಲಿ ಅಪಾಯ. ಎರಡು-ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಮೈಕೊಬ್ಬು ಲಿವರ್‌ನಲ್ಲಿ ತುಂಬಿಕೊಂಡು ಪ್ರಾಣಕ್ಕೇ ಬರಬಹುದು. 24 ಗಂಟೆ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ನಮ್ಮ ಕಡೆ ಬೀದಿಯಿಂದ ತಂದ ಬೆಕ್ಕುಗಳು ಹೆಚ್ಚಾಗಿ ಹಾಲು-ಅನ್ನ, ಮೊಸರನ್ನದ ಮೇಲೆ ಬೆಳೆದಿರುತ್ತವೆ. ಇದು ಬೆಕ್ಕಿನ ಊಟವಲ್ಲ. ಬೆಕ್ಕಿಗೆ ಟಾರಿನ್ ಎಂಬ ಅಂಶ ಬೇಕೇ ಬೇಕು; ಅದು ಸಿಗುವುದು ಮಾಂಸ, ಮೀನಿನಲ್ಲಿ. ಕೊರತೆಯಾದರೆ ಹೃದಯದ ಸ್ನಾಯು ಸೋಲುತ್ತದೆ, ಕಣ್ಣು ಕುರುಡಾಗುತ್ತದೆ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗುವುದೂ ಇಲ್ಲ. ಹಾಗಂತ ದಿನವೂ ಬರೀ ಬೇಯಿಸಿದ ಚಿಕನ್ ಹಾಕಿದರೂ ಸಾಲದು. ಮೂಳೆಯಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಮರಿಗಳ ಮೂಳೆ ಮೆತ್ತಗಾಗಿ ಮುರಿಯುತ್ತವೆ. ಮನೆಯಡುಗೆಯನ್ನೇ ಹಾಕುವುದಾದರೆ ಏನೇನು ಎಷ್ಟು ಸೇರಿಸಬೇಕೆಂದು ಪಶುವೈದ್ಯರಿಂದ ಬರೆಸಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿ ಬೇಯಿಸಿದ ಯಾವ ಸಾರನ್ನೂ ಕೊಡಬೇಡಿ. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ನೀರಿನ ಲೆಕ್ಕ

ಆರೋಗ್ಯವಾಗಿರುವ ಬೆಕ್ಕಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50 ಮಿ.ಲೀ. ನೀರು ಬೇಕು, ಊಟದಲ್ಲಿರುವ ನೀರೂ ಸೇರಿ. 4 ಕಿಲೋ ಬೆಕ್ಕಿಗೆ 200 ಮಿ.ಲೀ. ಇದೇ ಬೆಕ್ಕಿಗೆ ಸಂತಾನಹರಣ ಆಗಿದ್ದು ಮನೆಯೊಳಗೇ ಇದ್ದರೆ ದಿನಕ್ಕೆ ಸುಮಾರು 200ರಿಂದ 240 ಕ್ಯಾಲೊರಿ ಸಾಕು.

ಬರೀ ಡ್ರೈ ಫುಡ್ ಆದರೆ ಆ ಕ್ಯಾಲೊರಿ 55-60 ಗ್ರಾಂನಲ್ಲಿ ಬರುತ್ತದೆ, ನೀರು ಮಾತ್ರ ಅದರಲ್ಲಿ ಸುಮಾರು 5 ಮಿ.ಲೀ. ಉಳಿದ 195 ಮಿ.ಲೀ. ಬಟ್ಟಲಿನಿಂದ ಕುಡಿಯಬೇಕು, ಹೆಚ್ಚಿನ ಬೆಕ್ಕುಗಳು ಅಷ್ಟು ಕುಡಿಯುವುದಿಲ್ಲ. ಅದರ ಬದಲು 85 ಗ್ರಾಂನ ಎರಡು ವೆಟ್ ಫುಡ್ ಪೌಚ್ ಮತ್ತು 20 ಗ್ರಾಂ ಡ್ರೈ ಫುಡ್ ಕೊಡಿ. ಪೌಚ್‌ನಲ್ಲಿ ಸುಮಾರು 80% ನೀರೇ ಇರುವುದರಿಂದ ಎರಡರಿಂದ 135 ಮಿ.ಲೀ. ಸಿಕ್ಕಿತು. ಪ್ರತಿ ಪೌಚ್‌ಗೆ ಎರಡು ದೊಡ್ಡ ಚಮಚ ಬೆಚ್ಚಗಿನ ನೀರು ಕಲಸಿದರೆ ಇನ್ನು 60. ಬೆಕ್ಕು ಬಟ್ಟಲಿನ ಕಡೆ ತಿರುಗಿ ನೋಡದಿದ್ದರೂ 200ರ ಹತ್ತಿರ ಬಂದಿರಿ. ನೀರನ್ನು ಒಮ್ಮೆಗೇ ಸುರಿದರೆ ಕೆಲವು ಬೆಕ್ಕುಗಳು ಮೂಸಿ ಹೋಗಿಬಿಡುತ್ತವೆ; ಒಂದು ಚಿಕ್ಕ ಚಮಚದಿಂದ ಶುರುಮಾಡಿ ದಿನದಿನಕ್ಕೆ ಹೆಚ್ಚಿಸಿ.

ಕೊಳ್ಳುವಾಗ ಪೌಚ್‌ನ ಹಿಂಭಾಗ ಓದಿ. ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಎಂದಿದ್ದರೆ ಪೂರ್ತಿ ಊಟ. ‘ಕಾಂಪ್ಲಿಮೆಂಟರಿ’ ಎಂದಿದ್ದರೆ ಅದು ನಂಜಿಕೊಳ್ಳುವಷ್ಟಕ್ಕೆ ಮಾತ್ರ. ಕ್ಯಾಲೊರಿ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ, ಲೆಕ್ಕ ಅದರಂತೆ ಹೊಂದಿಸಿ. ಡ್ರೈ ಫುಡ್ಡನ್ನು ಅಡುಗೆಮನೆಯ ತೂಕದ ಯಂತ್ರದಲ್ಲೇ ತೂಗಿ. ಕೈಯಂದಾಜು ಯಾವಾಗಲೂ ಹೆಚ್ಚೇ ಬೀಳುತ್ತದೆ.

ನೀರಿನ ಬಟ್ಟಲು ಅಗಲವಾಗಿರಲಿ, ಸ್ಟೀಲ್ ಅಥವಾ ಪಿಂಗಾಣಿಯದು. ಎರಡು-ಮೂರು ಕಡೆ ಇಡಿ, ಊಟಕ್ಕೂ ಟ್ರೇಗೂ ದೂರ. ದಿನವೂ ತೊಳೆದು ಬದಲಿಸಿ. ಬೋರ್‌ವೆಲ್ ನೀರಿನಿಂದಲೇ ಹರಳಾಗುತ್ತದೆ ಎಂಬ ಹೆದರಿಕೆ ಬೆಂಗಳೂರಿನಲ್ಲಿ ತುಂಬ ಕೇಳಿಬರುತ್ತದೆ. ನೀವು ಕುಡಿಯುವ ನೀರನ್ನೇ ಕೊಡಿ. ಮುಖ್ಯವಾದದ್ದು ಎಷ್ಟು ನೀರು ಒಳಗೆ ಹೋಯಿತು ಎಂಬುದು.

ಟ್ರೇ ಓದುವುದು

ಒಂದು ಬೆಕ್ಕಿಗೆ ಎರಡು ಟ್ರೇ, ಎರಡಕ್ಕೆ ಮೂರು. ಟ್ರೇ ಬೆಕ್ಕಿನ ಉದ್ದದ ಒಂದೂವರೆ ಪಟ್ಟಿರಲಿ. ಪರಿಮಳವಿಲ್ಲದ, ಒದ್ದೆಯಾದರೆ ಗಟ್ಟಿಕಟ್ಟುವ ಬೆಂಟೋನೈಟ್ (ಒಂದು ಬಗೆಯ ಜೇಡಿಮಣ್ಣು) ಲಿಟರನ್ನು 5ರಿಂದ 7 ಸೆಂ.ಮೀ. ಹರಡಿ. ಎರಡು ತಿಂಗಳೊಳಗಿನ ಮರಿಗಳು ಅದನ್ನು ನುಂಗುವುದುಂಟು, ಅವಕ್ಕೆ ಮರದ ಅಥವಾ ಕಾಗದದ ಲಿಟರ್ ಹಾಕಿ.

ದಿನಕ್ಕೆ ಎರಡು ಸಲ ಗಟ್ಟಿ ಉಂಡೆಗಳನ್ನು ಎತ್ತುವಾಗ ಎಣಿಸಿ. ದೊಡ್ಡ ಬೆಕ್ಕಿನ ಟ್ರೇನಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ದೊಡ್ಡ ಉಂಡೆ ಇರುತ್ತವೆ. ಅಡಿಕೆಯಷ್ಟೇ ಚಿಕ್ಕ ಉಂಡೆಗಳು ಆರೇಳು ಕಂಡರೆ ಬೆಕ್ಕಿಗೆ ಉರಿಯುತ್ತಿದೆ ಎಂದೇ ತಿಳಿಯಿರಿ. ಇದ್ದಕ್ಕಿದ್ದಂತೆ ಉಂಡೆಗಳು ತುಂಬ ದೊಡ್ಡದಾಗಿ, ನೀರು ಕುಡಿಯುವುದೂ ಹೆಚ್ಚಾದರೆ ಕಿಡ್ನಿ, ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಬೇಕು. ಮೊದಲ ಎರಡು ವಾರದ ಎಣಿಕೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಈ ಬೆಕ್ಕಿಗೆ ಯಾವುದು ಸಹಜ ಎಂದು ಹೇಳುವ ದಾಖಲೆ ನಿಮ್ಮಲ್ಲಿ ಬೇರೆ ಇರುವುದಿಲ್ಲ.

ಕಾಯಬಾರದ ಹೊತ್ತು

ಗಂಡು ಬೆಕ್ಕಿನ ಮೂತ್ರ ಹೊರಬರುವ ನಾಳ ತುದಿಯಲ್ಲಿ ತುಂಬ ಸಣ್ಣದು. ಹರಳು ಅಥವಾ ಲೋಳೆ ಸಿಕ್ಕಿಕೊಂಡರೆ ಪೂರ್ತಿ ಕಟ್ಟಿಕೊಳ್ಳುತ್ತದೆ. ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕುತ್ತದೆ, ಕೂಗುತ್ತದೆ, ಕೆಳಭಾಗ ನೆಕ್ಕುತ್ತಲೇ ಇರುತ್ತದೆ, ಹನಿಯೂ ಬರುವುದಿಲ್ಲ. ಆಮೇಲೆ ವಾಂತಿ, ಸುಸ್ತು. ಬಹಳ ಮಂದಿ ಇದನ್ನು ಮಲಬದ್ಧತೆ ಎಂದುಕೊಂಡು ಒಂದು ದಿನ ಕಳೆದುಬಿಡುತ್ತಾರೆ. ಆ ಒಂದು ದಿನದಲ್ಲಿ ರಕ್ತದ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು.

ರಾತ್ರಿಯಾದರೂ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಹೊಟ್ಟೆ ಒತ್ತಬೇಡಿ, ಮೂತ್ರಕೋಶ ಒಡೆಯಬಹುದು. ಪ್ಯಾರಸಿಟಮಾಲ್ ಕೊಡಲೇಬೇಡಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಬಾರ್ಲಿ ನೀರು, ಮನುಷ್ಯರ ಕಿಡ್ನಿ ಕಲ್ಲಿನ ಸಿರಪ್ ಯಾವುದೂ ಕಟ್ಟಿದ ನಾಳವನ್ನು ಬಿಡಿಸುವುದಿಲ್ಲ. ರಾತ್ರಿ ತೆರೆದಿರುವ, ಬೆಕ್ಕಿಗೆ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ಸಣ್ಣ ಕೊಳವೆ) ಹಾಕುವ ಆಸ್ಪತ್ರೆ ಎಲ್ಲಿದೆ ಎಂದು ಬೆಕ್ಕು ಬಂದ ವಾರವೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ. ಚಿಕ್ಕ ಊರುಗಳಲ್ಲಿ ಈ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳು ಹತ್ತಿರವಿದ್ದರೆ ಅಲ್ಲಿಯೂ ಮೊದಲೇ ಕೇಳಿಡಿ.

ಡಾಕ್ಟರ ಹತ್ತಿರ

ಉಚ್ಚೆಯ ಮಾದರಿಯನ್ನು ಫ್ರಿಜ್‌ನಲ್ಲಿಟ್ಟರೆ ಅಲ್ಲೇ ಹರಳು ಮೂಡಬಹುದು. ತಾಜಾ ಇದ್ದಾಗಲೇ ಪರೀಕ್ಷೆಯಾಗಲಿ. ಪ್ರಾಯದ ಬೆಕ್ಕುಗಳಲ್ಲಿ ಬ್ಯಾಕ್ಟೀರಿಯಾ ಸೋಂಕು ಅಪರೂಪ, ಒತ್ತಡಕ್ಕೆ ಸಂಬಂಧಿಸಿದ ಮೂತ್ರಕೋಶದ ಉರಿಯೂತವೇ ಹೆಚ್ಚು. ಆದ್ದರಿಂದ ಆಂಟಿಬಯಾಟಿಕ್ ಬರೆದರೆ ಕಲ್ಚರ್ ಪರೀಕ್ಷೆ (ಉಚ್ಚೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವುದು) ಆಗಿದೆಯೇ ಎಂದು ಕೇಳುವುದು ತಪ್ಪಲ್ಲ. ಕಲ್ಲಿದ್ದರೆ ಯಾವುದೆಂದು ತಿಳಿಯಬೇಕು: ಸ್ಟ್ರುವೈಟ್ ಕಲ್ಲು ವಿಶೇಷ ಆಹಾರದಿಂದ ಕೆಲವೇ ವಾರಗಳಲ್ಲಿ ಕರಗುತ್ತದೆ, ಕ್ಯಾಲ್ಸಿಯಂ ಆಕ್ಸಲೇಟ್ ಕರಗುವುದಿಲ್ಲ, ತೆಗೆಯಬೇಕಾಗುತ್ತದೆ. ವಿಶೇಷ ಆಹಾರ ಕೊಡುವಾಗ ಜೊತೆಗೆ ಬೇರೆ ತಿಂಡಿ, ಮೀನು ಕೊಟ್ಟರೆ ಅದರ ಕೆಲಸ ಕೆಡುತ್ತದೆ. ಉಚ್ಚೆಯನ್ನು ಆಮ್ಲೀಯ ಮಾಡುವ ಪುಡಿಯನ್ನು ನೀವಾಗಿ ಸೇರಿಸಿದರೆ ಆಕ್ಸಲೇಟ್ ಕಲ್ಲಿಗೆ ಅವಕಾಶ. ಕ್ಯಾಥೆಟರ್ ತೆಗೆದು ಮನೆಗೆ ಕಳಿಸಿದ ಮೊದಲ ವಾರದಲ್ಲೇ ಮತ್ತೆ ಕಟ್ಟಿಕೊಳ್ಳುವ ಸಾಧ್ಯತೆ ಹೆಚ್ಚು. ಆ ವಾರ ಬೆಕ್ಕನ್ನು ಒಂದೇ ಕೋಣೆಯಲ್ಲಿಟ್ಟು, ಪ್ರತಿ ಸಲ ಟ್ರೇಗೆ ಹೋದಾಗಲೂ ಉಚ್ಚೆ ಬಂತೇ ಎಂದು ಕಣ್ಣಾರೆ ನೋಡಿ.