ಇಂಗ್ಲಿಷ್‌ನಲ್ಲಿ ‘ಸ್ವಲ್ಪ’ ಎನ್ನುವ ಬಗೆ

ಕಲಬುರಗಿಯ ಕಿರಾಣಿ ಅಂಗಡಿಯಲ್ಲಿ ಎಣ್ಣೆಗೂ ನಿಂಬೆಹಣ್ಣಿಗೂ ‘ಸ್ವಲ್ಪ ಕೊಡ್ರಿ’ ಎಂದರೆ ಸಾಕಾಗುತ್ತದೆ. ಇಂಗ್ಲಿಷ್‌ನಲ್ಲಿ ಮಾತ್ರ ಆ ವಸ್ತು ಎಣಿಕೆಗೆ ಸಿಗುತ್ತದೆಯೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕು. ಎಣಿಸಲಾಗದ ಎಣ್ಣೆಗೆ ‘ಎ ಲಿಟಲ್ ಆಯಿಲ್’, ಎಣಿಸಬಹುದಾದ ನಿಂಬೆಗೆ ‘ಎ ಫ್ಯೂ ಲೆಮನ್ಸ್’ ಎಂದು ಬಹುವಚನದಲ್ಲಿ ಹೇಳಬೇಕು. ಹಣವನ್ನು ನಾವು ಎಣಿಸುತ್ತೇವಾದರೂ ಅಲ್ಲಿಯ ವ್ಯಾಕರಣದಲ್ಲಿ ‘ಮನಿ’ ಎಣಿಕೆಯ ಪದವಲ್ಲ. ಆದ್ದರಿಂದ ‘ಎ ಲಿಟಲ್ ಮನಿ’, ಆದರೆ ‘ಎ ಫ್ಯೂ ರುಪೀಸ್’.

ಹೆಚ್ಚು ಎಚ್ಚರ ಬೇಕಾಗುವುದು ಆ ಪುಟ್ಟ ‘ಎ’ ವಿಷಯದಲ್ಲಿ. ಬೇಸಿಗೆಯಲ್ಲಿ ‘ವಿ ಹ್ಯಾವ್ ಎ ಲಿಟಲ್ ವಾಟರ್’ ಎಂದು ಬರೆದರೆ ನೀರು ಕಡಿಮೆಯಿದ್ದರೂ ಇಂದಿಗೆ ಸಾಗುತ್ತದೆ ಎಂಬ ಸಮಾಧಾನವಿರುತ್ತದೆ. ‘ವಿ ಹ್ಯಾವ್ ಲಿಟಲ್ ವಾಟರ್’ ಎಂದರೆ ನೀರು ಇಲ್ಲವೆನ್ನುವಷ್ಟೇ ಇದೆ ಎಂಬ ಕೊರಗು. ಆದ್ದರಿಂದ ಟ್ಯಾಂಕರ್ ಕೋರುವ ಮನವಿಯಲ್ಲಿ ‘ಎ’ ಸೇರಿಕೊಂಡರೆ ಬೇಡಿಕೆಯೇ ಸಡಿಲವಾಗುತ್ತದೆ. ‘ಎ ಫ್ಯೂ’ ಮತ್ತು ‘ಫ್ಯೂ’ ನಡುವಿನ ವ್ಯತ್ಯಾಸವೂ ಇದೇ. ಬರಿಯ ‘ಲಿಟಲ್’, ‘ಫ್ಯೂ’ ಬರವಣಿಗೆಗೆ ಒಪ್ಪುತ್ತವೆ. ಮಾತಿನಲ್ಲಿ ‘ನಾಟ್ ಮಚ್ ವಾಟರ್’, ‘ನಾಟ್ ಮೆನಿ ಬಸಸ್’ ಎನ್ನುವುದೇ ಸಹಜ.

ಅಡುಗೆಯ ಚಿಟಿಕೆ ಉಪ್ಪಿಗೆ ‘ಎ ಪಿಂಚ್ ಆಫ್ ಸಾಲ್ಟ್’ ಎನ್ನಿ; ‘ಎ ಬಿಟ್ ಆಫ್’ ಸಲುಗೆಯ ಮಾತಾದ್ದರಿಂದ ಅದನ್ನು ಅರ್ಜಿಯಲ್ಲಿ ಬಳಸಬೇಡಿ.