ಟೆಕ್ಸಸ್‌ನಲ್ಲಿ 21 ತುಂಬುವ ಮೊದಲೇ ಮದ್ಯದ ಕೇಸು: ಫೈನ್ ಕಟ್ಟುವ ಮುನ್ನ

'ಫೈನ್ ತಾನೇ, ಕಟ್ಟಿ ಕೈತೊಳ್ಕೋ' ಅಂತ ಊರಿಂದ ಫೋನಿನಲ್ಲಿ ಸಲಹೆ ಬರುತ್ತದೆ. ಟ್ರಾಫಿಕ್ ಚಲನ್ ಕಟ್ಟಿ ರೂಢಿಯಾದವರ ಮಾತು ಅದು. ಟೆಕ್ಸಸ್‌ನಲ್ಲಿ ಮಾತ್ರ ಸೈಟೇಶನ್‌ಗೆ (ಪೊಲೀಸರು ಕೊಡುವ ಚೀಟಿಗೆ) ಹಣ ಕಟ್ಟಿದರೆ 'ನೋ ಕಾಂಟೆಸ್ಟ್', ಅಂದರೆ ಆರೋಪವನ್ನು ವಿರೋಧಿಸುವುದಿಲ್ಲ, ಎಂದು ಒಪ್ಪಿಕೊಂಡಂತೆಯೇ ಲೆಕ್ಕ, ಶಿಕ್ಷೆ ದಾಖಲಾಗುತ್ತದೆ. ಆದ್ದರಿಂದ ಮೊದಲು ದುಡ್ಡು ಕಟ್ಟಬೇಡಿ.

ಪೊಲೀಸರು ಕೊಟ್ಟ ಚೀಟಿಯನ್ನು ನೋಡಿ. ಅದರಲ್ಲಿರುವ ನಿಮ್ಮ ಸಹಿ ತಪ್ಪೊಪ್ಪಿಗೆಯಲ್ಲ, ಹಾಜರಾಗುತ್ತೇನೆ ಎಂಬ ಮಾತು ಅಷ್ಟೇ. ಹಾಜರಾಗಬೇಕಾದ ತಾರೀಖು, ಕೋರ್ಟಿನ ಹೆಸರು, ಆರೋಪ ಏನು ಎಂಬ ಮೂರನ್ನೂ ಬರೆದಿಟ್ಟುಕೊಳ್ಳಿ. ತಾರೀಖು ತಪ್ಪಿದರೆ ವಾರಂಟ್ ಬರಬಹುದು.

ಆರೋಪ 'ಮೈನರ್ ಇನ್ ಪೊಸೆಷನ್' (21 ತುಂಬದವರ ಬಳಿ ಮದ್ಯ ಇದ್ದದ್ದು) ಆಗಿದ್ದರೆ ಅದು ಕ್ಲಾಸ್ ಸಿ, ಅಂದರೆ ಜೈಲಿಲ್ಲದ ಅತಿ ಸಣ್ಣ ದರ್ಜೆಯ ಅಪರಾಧ. ಮೊದಲ ಸಲಕ್ಕೆ 500 ಡಾಲರ್‌ವರೆಗೆ ದಂಡ, 8ರಿಂದ 12 ಗಂಟೆ ಸಮುದಾಯ ಸೇವೆ, ಮದ್ಯ ಅರಿವಿನ ಕೋರ್ಸ್, 30 ದಿನ ಡ್ರೈವಿಂಗ್ ಲೈಸೆನ್ಸ್ ಅಮಾನತು. ಕೋರ್ಟ್ ಖರ್ಚು ಬೇರೆ. ನಕಲಿ ಐಡಿ ತೋರಿಸಿದ ಆರೋಪವೂ ಜೊತೆಗಿದ್ದರೆ ವಿಷಯ ಗಂಭೀರ: ಅದರಲ್ಲಿ ಮೋಸದ ಅಂಶವಿದೆ, ವೀಸಾ ಅಧಿಕಾರಿಗಳ ಕಣ್ಣು ಅಲ್ಲಿಗೇ ಹೋಗುತ್ತದೆ.

ಕೋರ್ಟಿನಲ್ಲಿ ಹೇಳಬಹುದಾದದ್ದು ಮೂರು: ಗಿಲ್ಟಿ, ನೋ ಕಾಂಟೆಸ್ಟ್, ನಾಟ್ ಗಿಲ್ಟಿ. ಮೊದಲೆರಡಕ್ಕೂ ಶಿಕ್ಷೆಯಲ್ಲಿ ವ್ಯತ್ಯಾಸವಿಲ್ಲ. ಮೊದಲ ಹಾಜರಿಗೆ ನಾಟ್ ಗಿಲ್ಟಿ ಎನ್ನುವುದೇ ಜಾಣತನ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದು ಸುಳ್ಳು ಹೇಳಿದಂತಲ್ಲ. ಸಾಬೀತು ಮಾಡುವ ಹೊಣೆ ಸರ್ಕಾರದ್ದು ಎಂದಷ್ಟೇ ಅರ್ಥ. ನಾಟ್ ಗಿಲ್ಟಿಯಿಂದ ಆಮೇಲೆ ಒಪ್ಪಂದಕ್ಕೆ ಬರಬಹುದು, ಒಪ್ಪಿಕೊಂಡ ಮೇಲೆ ಹಿಂದೆ ಸರಿಯುವುದು ಕಷ್ಟ. ಸಾಕ್ಷ್ಯ ಕೇಳಲು, ಪ್ರಾಸಿಕ್ಯೂಟರ್ (ಸರ್ಕಾರದ ಪರ ವಾದಿಸುವ ವಕೀಲರು) ಜೊತೆ ಮಾತಾಡಲು ಸಮಯವೂ ಸಿಗುತ್ತದೆ. ಇಷ್ಟು ಸಣ್ಣ ಕೇಸಿಗೂ ಟೆಕ್ಸಸ್‌ನಲ್ಲಿ ಆರು ಜನರ ಜ್ಯೂರಿ ಕೇಳಬಹುದು.

ಪೊಲೀಸರ ಮೈಮೇಲಿನ ಕ್ಯಾಮೆರಾದ (ಬಾಡಿಕ್ಯಾಮ್) ವಿಡಿಯೋ ಖಂಡಿತ ಕೇಳಿ ಪಡೆಯಿರಿ. ಕಾರಿನಲ್ಲಿ ಐವರು, ಸೀಟಿನ ಮಧ್ಯೆ ಒಂದು ಕೆಂಪು ಪ್ಲಾಸ್ಟಿಕ್ ಲೋಟ: ಅದು ಯಾರದ್ದು? ಒಳಗಿದ್ದದ್ದು ಮದ್ಯವೇ ಎಂದು ಯಾರು ಖಚಿತಪಡಿಸಿಕೊಂಡರು? ಪಾರ್ಟಿಯಲ್ಲಿ ಇದ್ದದ್ದೇ ಅಪರಾಧವಲ್ಲ. ಕುಡಿದು ಪ್ರಜ್ಞೆ ತಪ್ಪಿದ ಗೆಳೆಯನಿಗೆ ಮೊದಲು ಆಂಬುಲೆನ್ಸ್ ಕರೆದು, ಅಲ್ಲೇ ನಿಂತು ಸಹಕರಿಸಿದ್ದರೆ ಕಾನೂನೇ ರಕ್ಷಣೆ ಕೊಡುತ್ತದೆ.

ಎಫ್-1 ವಿದ್ಯಾರ್ಥಿಗಳು, ಎಚ್-4 ಮಕ್ಕಳು (ಎಚ್-1ಬಿ ಉದ್ಯೋಗಿಗಳ ಮಕ್ಕಳು), ಗ್ರೀನ್ ಕಾರ್ಡ್‌ನವರು ಎಡವುವುದು 'ಡಿಫರ್ಡ್ ಡಿಸ್ಪೊಸಿಷನ್' (ತೀರ್ಪನ್ನು ಮುಂದೂಡುವ ವ್ಯವಸ್ಥೆ) ಹತ್ತಿರ. ಕೋರ್ಸ್ ಮುಗಿಸಿ, ಷರತ್ತುಗಳನ್ನು ಪಾಲಿಸಿದರೆ ಕೇಸು ವಜಾ ಎಂದು ಜಡ್ಜ್ ಹೇಳುತ್ತಾರೆ. ಅಮೆರಿಕನ್ ಪ್ರಜೆಗೆ ಒಳ್ಳೆಯ ದಾರಿಯೇ. ಆದರೆ ಅದನ್ನು ಪಡೆಯಲು ಸಾಮಾನ್ಯವಾಗಿ ಗಿಲ್ಟಿ ಅಥವಾ ನೋ ಕಾಂಟೆಸ್ಟ್ ಎನ್ನಬೇಕು. ವಲಸೆ ಕಾನೂನಿನ ದೃಷ್ಟಿಯಲ್ಲಿ ತಪ್ಪೊಪ್ಪಿಗೆ ಇದ್ದು, ಅದರ ಜೊತೆ ಯಾವುದೇ ದಂಡ ಅಥವಾ ನಿರ್ಬಂಧ ಸೇರಿದರೆ ಅದು 'ಕನ್ವಿಕ್ಷನ್', ಅಂದರೆ ಅಪರಾಧ ಸಾಬೀತಾದಂತೆ. ರಾಜ್ಯದ ಕೋರ್ಟ್ ವಜಾ ಮಾಡಿದ್ದು ಅಲ್ಲಿ ಲೆಕ್ಕಕ್ಕೆ ಬರದೆ ಹೋಗಬಹುದು. ಬರೀ ಲೋಟ ಹಿಡಿದ ಕೇಸಿಗೆ ಗಡೀಪಾರು ಸಾಮಾನ್ಯವಾಗಿ ಆಗುವುದಿಲ್ಲ, ಹೆದರಬೇಡಿ. ಆದರೂ 2025ರ ವಸಂತದಲ್ಲಿ ಸಣ್ಣಪುಟ್ಟ ಪೊಲೀಸ್ ದಾಖಲೆ ಇದ್ದ ವಿದ್ಯಾರ್ಥಿಗಳ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲಾತಿ ವ್ಯವಸ್ಥೆ) ದಾಖಲೆಯನ್ನೂ ರದ್ದು ಮಾಡಿದ್ದು ನೆನಪಿರಲಿ. ಆದ್ದರಿಂದ ತಪ್ಪೊಪ್ಪಿಗೆ ಬೇಡದ ಪ್ರೀ-ಟ್ರಯಲ್ ಡೈವರ್ಶನ್ (ವಿಚಾರಣೆಗೆ ಮೊದಲೇ ಕೇಸನ್ನು ಕೋರ್ಟಿನ ಹೊರಗೆ ಮುಗಿಸುವ ದಾರಿ) ಇದೆಯೇ ಎಂದು ವಕೀಲರ ಮೂಲಕ ಮೊದಲು ಕೇಳಿಸಿ.

ದಂಡ ಮಾತ್ರ ಇರುವ ಕೇಸಿಗೆ ಸರ್ಕಾರದ ಖರ್ಚಿನಲ್ಲಿ ನಿಮ್ಮ ಪರ ವಕೀಲರು ಸಾಮಾನ್ಯವಾಗಿ ಸಿಗುವುದಿಲ್ಲ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಂಥ ಕಡೆ ವಿದ್ಯಾರ್ಥಿಗಳಿಗೆ ಉಚಿತ ಕಾನೂನು ಸೇವೆ ಇದೆ, ಅಲ್ಲಿಗೆ ಹೋಗಿ. ವಲಸೆ ವಕೀಲರನ್ನೂ ಒಮ್ಮೆ ಕಂಡು ಬನ್ನಿ. ಕಾಲೇಜಿನ ಶಿಸ್ತು ವಿಚಾರಣೆ ಬೇರೆಯೇ ಇರುತ್ತದೆ. ಅಲ್ಲಿ ಬರೆದುಕೊಟ್ಟ ಹೇಳಿಕೆ ಕೋರ್ಟಿಗೂ ಬರಬಹುದು, ವಕೀಲರಿಗೆ ತೋರಿಸದೆ ಬರೆದುಕೊಡಬೇಡಿ.

ಇಂಥ ಶಿಕ್ಷೆ ಒಂದೇ ಒಂದು ಸಲ ಆಗಿದ್ದರೆ 21 ತುಂಬಿದ ಮೇಲೆ ದಾಖಲೆ ಅಳಿಸಲು ಅರ್ಜಿ ಹಾಕಬಹುದು. ಅದಕ್ಕೂ ಮೊದಲು ಅಂತಿಮ ಆದೇಶದ ಎರಡು ದೃಢೀಕೃತ ಪ್ರತಿ ತೆಗೆದಿಟ್ಟುಕೊಳ್ಳಿ. ಅಳಿಸಿದ ಮೇಲೆ ಕೋರ್ಟಿನಲ್ಲಿ ಅವು ಸಿಗುವುದು ಕಷ್ಟ, ಚೆನ್ನೈ ಕಾನ್ಸುಲೇಟಿನ ವೀಸಾ ಸಂದರ್ಶನದಲ್ಲಿ ಕೇಳುವುದು ಮಾತ್ರ ಅವನ್ನೇ.